ಕುಮ್ಕಿಯ ಕಾವಲಿಗೆ ಯಾವ ಖಾತೆಯ ದುಡ್ಡು?

(ಉಡುಪಿಯಲ್ಲಿ ಗೆಳೆಯರು ಕರೆದಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳು. ಆಡುವಾಗ ತುಳು ಧಾರಾಳವಾಗಿ ಬೆರೆತಿತ್ತು, ಬರೆಯುವಾಗ ಕನ್ನಡಕ್ಕೆ ತಂದುಕೊಂಡಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಪರಿಚಯ ಮಾಡಿಕೊಟ್ಟವರು ಪ್ರೀತಿಯಿಂದ "ರಕ್ಷಣಾ ತಜ್ಞರು" ಅಂದುಬಿಟ್ಟರು. ಅದನ್ನು ಮೊದಲೇ ತಿದ್ದಿಬಿಡುತ್ತೇನೆ. ನಾನು ರಕ್ಷಣಾ ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಬಿಲ್ಲು ಹಿಡಿದವನು. ಅರ್ಜುನನ ಬಿಲ್ಲಲ್ಲ, ಕಂಟ್ರಾಕ್ಟರನ ಬಿಲ್ಲು. ಬಂದೂಕು ಎತ್ತಿದವನಲ್ಲ, ಹಡಗು ನಡೆಸಿದವನಲ್ಲ. ಇವತ್ತಿನ ವಿಷಯ ದೇಶದೇಶಗಳ ನಡುವೆ ಯುದ್ಧವೂ ಅಲ್ಲದೆ ಶಾಂತಿಯೂ ಅಲ್ಲದೆ ನಡೆಯುವ ಪೈಪೋಟಿ. ಹಾಗಾಗಿ ನನಗೆ ಗೊತ್ತಿರುವ ಒಂದೇ ಕಿಟಕಿಯಿಂದ ಅದನ್ನು ನೋಡುತ್ತೇನೆ. ಯಾವ ಕೆಲಸಕ್ಕೆ ಯಾವ ಖಾತೆಯಿಂದ ದುಡ್ಡು ಹೋಗುತ್ತದೆ, ಹೋದದ್ದಕ್ಕೆ ಯಾರು ಲೆಕ್ಕ ಕೇಳುತ್ತಾರೆ, ಅಷ್ಟೇ. ಇಂಥ ಸಭೆಗಳಲ್ಲಿ ಚಾಣಕ್ಯನನ್ನು ಕರೆತರುವ ವಾಡಿಕೆ ಇದೆ. ಅವನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ.

2023ರ ಡಿಸೆಂಬರ್ 23ರ ಸುದ್ದಿ ನಿಮಗೆ ನೆನಪಿರಬಹುದು. ಸೌದಿ ಅರೇಬಿಯಾದಿಂದ ನಮ್ಮ ಪಣಂಬೂರಿನ ಬಂದರಿಗೆ ಒಂದು ಟ್ಯಾಂಕರ್ ಬರುತ್ತಿತ್ತು. ಹೆಸರು ಕೆಮ್ ಪ್ಲೂಟೊ. ಬಾವುಟ ಲೈಬೀರಿಯದ್ದು, ಮಾಲೀಕರು ಜಪಾನಿನವರು, ನಡೆಸುವವರು ನೆದರ್ಲೆಂಡ್ಸಿನವರು, ಒಳಗೆ ದುಡಿಯುವ ಹುಡುಗರು ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ಪೋರಬಂದರಿನಿಂದ ಸುಮಾರು ಇನ್ನೂರು ನಾಟಿಕಲ್ ಮೈಲು ಹೊರಗೆ ಅದರ ಮೇಲೆ ಒಂದು ಡ್ರೋನ್ ಬಂದು ಬಿತ್ತು. ಬೆಂಕಿ ಹತ್ತಿತು, ಅವರೇ ಆರಿಸಿದರು, ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಕರಾವಳಿ ರಕ್ಷಣಾ ಪಡೆಯ ವಿಕ್ರಮ್ ಹಡಗು ಜತೆಗಿದ್ದು ಅದನ್ನು ಮುಂಬೈಗೆ ಮುಟ್ಟಿಸಿತು. ಡ್ರೋನ್ ಬಂದದ್ದು ಇರಾನಿನಿಂದ ಅಂತ ಅಮೆರಿಕ ಹೇಳಿತು, ನಮ್ಮದಲ್ಲ ಅಂತ ಇರಾನ್ ಹೇಳಿತು. ಮಂಗಳೂರಿಗೆ ಬರಬೇಕಾಗಿದ್ದ ಹಡಗಿಗೆ ಪೆಟ್ಟು ಬಿತ್ತು, ಆದರೆ ನಮಗೆ ಯಾರ ಜತೆಗೂ ಯುದ್ಧ ಇರಲಿಲ್ಲ. ಯಾರೂ ಘೋಷಿಸಲಿಲ್ಲ, ಯಾರೂ ಒಪ್ಪಿಕೊಳ್ಳಲಿಲ್ಲ.

ನೌಕಾಪಡೆ ಮರುದಿನಗಳಲ್ಲೇ ಮೊರ್ಮುಗಾವ್, ಕೊಚ್ಚಿ, ಕೋಲ್ಕತಾ ಎಂಬ ಮೂರು ದೊಡ್ಡ ಯುದ್ಧನೌಕೆಗಳನ್ನು ಅರಬ್ಬಿ ಸಮುದ್ರದಲ್ಲಿ ನಿಲ್ಲಿಸಿತು. ಆ ಹಡಗುಗಳಿಗೆ ಇಂಧನ ಬೇಕು. ಹುಡುಗರಿಗೆ ಸಮುದ್ರಭತ್ಯೆ ಬೇಕು. ಹೆಚ್ಚು ಓಡಿದ ಯಂತ್ರ ಬೇಗ ರಿಪೇರಿಗೆ ಬರುತ್ತದೆ. ಫೆಬ್ರವರಿಯಲ್ಲಿ ಬಜೆಟ್ ಬರೆಯುವಾಗ ಡಿಸೆಂಬರಿನ ಡ್ರೋನು ಯಾರ ಕನಸಿನಲ್ಲೂ ಇರಲಿಲ್ಲ. ಹಾಗಾದರೆ ಆ ದುಡ್ಡು ಎಲ್ಲಿಂದ ಬಂತು? ಬೇರೆ ಯಾವುದೋ ಕೆಲಸದಿಂದ ಎಳೆದು ತಂದದ್ದು. ಇದು ನೌಕಾಪಡೆಯ ತಪ್ಪಲ್ಲ. ನಮ್ಮ ಬಜೆಟ್ಟಿಗೆ ಗೊತ್ತಿರುವುದು ಎರಡೇ ಸ್ಥಿತಿ. ಒಂದು ಶಾಂತಿ, ಇನ್ನೊಂದು ಯುದ್ಧ. ನಡುವೆ ನಡೆಯುವ ದಿನನಿತ್ಯದ ತಳ್ಳಾಟಕ್ಕೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಶೀರ್ಷಿಕೆ (ಲೆಕ್ಕದ ಪುಸ್ತಕದಲ್ಲಿ ಖರ್ಚು ಬರೆಯುವ ತಲೆಬರಹ) ಇಲ್ಲ, ಶೀರ್ಷಿಕೆ ಇಲ್ಲದ್ದಕ್ಕೆ ದುಡ್ಡು ಕೊಡುವುದು ಹೇಗೆ ಅಂತ ನನ್ನಂಥ ಗುಮಾಸ್ತ ಕೇಳುತ್ತಾನೆ.

ಇಂಗ್ಲಿಷ್ ಪತ್ರಿಕೆಗಳು ಇದಕ್ಕೆ ಗ್ರೇ ಝೋನ್ ಅನ್ನುತ್ತವೆ. ಬೂದುಬಣ್ಣದ ವಲಯ ಅಂದರೆ ನಮಗೆ ಏನೂ ಹೊಳೆಯುವುದಿಲ್ಲ. ನಮ್ಮ ಎರಡು ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ಮಾತು ಗೊತ್ತಿದೆ. ಕುಮ್ಕಿ. ಘಟ್ಟದ ಮೇಲಿನವರಿಗೆ ಇದನ್ನು ವಿವರಿಸಬೇಕಾಗುತ್ತದೆ, ನಿಮಗೆ ಬೇಡ. ವರ್ಗ ಜಾಗದ, ಅಂದರೆ ನಿಮ್ಮ ಸ್ವಂತ ಪಟ್ಟೆಯ ಜಾಗದ, ಗಡಿಯಿಂದ ನೂರು ಗಜದೊಳಗೆ ಇರುವ ಸರ್ಕಾರಿ ಜಾಗ. ಸೊಪ್ಪು ತರಬಹುದು, ಸೌದೆ ತರಬಹುದು, ದನ ಮೇಯಿಸಬಹುದು. ಆದರೆ ಪಟ್ಟೆ ನಿಮ್ಮದಲ್ಲ. ಈಗ ನೆರೆಮನೆಯವನು ಸ್ವಲ್ಪ ಚುರುಕಿನ ಮನುಷ್ಯ ಅಂತ ಇಟ್ಟುಕೊಳ್ಳಿ. ಮೊದಲ ಮಳೆಗಾಲ ನಾಲ್ಕು ಗೇರುಗಿಡ ಊರುತ್ತಾನೆ. ಏನು ಮಾರಾಯ್ರೆ ಅಂದರೆ, ಗಿಡ ಅಲ್ವಾ, ನೆರಳಿಗೆ, ಅನ್ನುತ್ತಾನೆ. ಮರುವರ್ಷ ಗಿಡಕ್ಕೆ ದನ ಬಾಯಿ ಹಾಕುತ್ತದೆ ಅಂತ ಬೇಲಿ. ಅದರ ಮರುವರ್ಷ ಗಿಡಕ್ಕೆ ನೀರು ಬೇಡವೇ ಅಂತ ಪಂಪ್‌ಶೆಡ್ಡು. ಆಮೇಲೆ ಶೆಡ್ಡಿಗೊಂದು ಕರೆಂಟಿನ ಮೀಟರು. ಐದನೇ ವರ್ಷ ಅಕ್ರಮ ಸಕ್ರಮಕ್ಕೆ ಅರ್ಜಿ. ಇದರಲ್ಲಿ ಯಾವ ದಿನ ನೀವು ಕತ್ತಿ ಹಿಡಿದು ಓಡಬೇಕಿತ್ತು? ಯಾವ ದಿನವೂ ಅಲ್ಲ. ಒಂದೊಂದು ದಿನದ ಮಟ್ಟಿಗೆ ಅದು ಜಗಳಕ್ಕೆ ಸಾಲದಷ್ಟು ಸಣ್ಣದು.

ದಕ್ಷಿಣ ಚೀನಾ ಸಮುದ್ರದಲ್ಲಿ ಮಿಸ್ಚೀಫ್ ರೀಫ್ ಅಂತ ಒಂದು ಹವಳದ ದಿಬ್ಬ ಇದೆ, ಫಿಲಿಪ್ಪೀನ್ಸ್ ತನ್ನದೆನ್ನುವ ಸಮುದ್ರದಲ್ಲಿ. ಭರತದ ಹೊತ್ತಿಗೆ ಮುಳುಗುವ ಜಾಗ. 1995ರಲ್ಲಿ ಚೀನಾ ಅಲ್ಲಿ ಕಂಬಗಳ ಮೇಲೆ ನಾಲ್ಕು ಗುಡಿಸಲು ಕಟ್ಟಿತು. ಕೇಳಿದರೆ, ನಮ್ಮ ಮೀನುಗಾರರಿಗೆ ಬಿರುಗಾಳಿಯ ಹೊತ್ತಿನಲ್ಲಿ ಆಸರೆ ಅಂದಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮರಳು ಸುರಿದು ಅದೊಂದು ದ್ವೀಪವಾಗಿತ್ತು, ಅದರ ಮೇಲೆ ವಿಮಾನದ ರನ್‌ವೇ ಇತ್ತು. 2016ರ ಜುಲೈ 12ರಂದು ಹೇಗ್‌ನ ನ್ಯಾಯಮಂಡಳಿ ಫಿಲಿಪ್ಪೀನ್ಸ್ ಪರವಾಗಿ ತೀರ್ಪು ಕೊಟ್ಟಿತು. ಚೀನಾ ಒಪ್ಪಲಿಲ್ಲ, ದ್ವೀಪ ಅಲ್ಲೇ ಇದೆ. ಫಿಲಿಪ್ಪೀನ್ಸಿನವರೂ ಒಂದು ಉಪಾಯ ಮಾಡಿದ್ದರು, ಅದೂ ಬಹಳ ನಮ್ಮೂರಿನ ಉಪಾಯ. 1999ರಲ್ಲಿ ಸಿಯೆರಾ ಮಾದ್ರೆ ಎಂಬ ಹಳೆಯ ಹಡಗನ್ನು ಇನ್ನೊಂದು ದಿಬ್ಬದ ಮೇಲೆ ಬೇಕೆಂದೇ ಹತ್ತಿಸಿ ನಿಲ್ಲಿಸಿದರು. ತುಕ್ಕು ಹಿಡಿದು ಒಟ್ಟೆಯಾದ ಆ ಹಡಗಿನಲ್ಲಿ ಇವತ್ತಿಗೂ ಕೆಲವು ಸೈನಿಕರು ಇರುತ್ತಾರೆ. ಅವರಿಗೆ ಅಕ್ಕಿ, ನೀರು ಒಯ್ಯುವ ದೋಣಿಗಳನ್ನು ಚೀನಾದ ಕರಾವಳಿ ಪಡೆ ನೀರಿನ ಫಿರಂಗಿಯಿಂದ ಹೊಡೆದು ಓಡಿಸುತ್ತಿತ್ತು. 2024ರ ಜೂನ್ 17ರ ಜಟಾಪಟಿಯಲ್ಲಿ ಫಿಲಿಪ್ಪೀನ್ಸಿನ ಒಬ್ಬ ನಾವಿಕನ ಹೆಬ್ಬೆರಳು ಹೋಯಿತು. ಗುಂಡು ಹಾರಲಿಲ್ಲ.

ನಮ್ಮಲ್ಲಿ ಗಲ್ವಾನ್. 2020ರ ಜೂನ್ 15ರ ರಾತ್ರಿ ನಮ್ಮ ಇಪ್ಪತ್ತು ಯೋಧರು ಸತ್ತರು. ಅಲ್ಲಿಯೂ ಗುಂಡು ಹಾರಲಿಲ್ಲ, ದೊಣ್ಣೆ, ಕಲ್ಲು, ಮೊಳೆ ಬಡಿದ ಸಲಾಕೆ. ಅದರ ಬಗ್ಗೆ ನೀವೆಲ್ಲ ಸಾಕಷ್ಟು ಓದಿದ್ದೀರಿ. ಓದದೆ ಇರುವ ಒಂದು ಮಾತು ಮಾತ್ರ ಹೇಳುತ್ತೇನೆ. ಆ ರಾತ್ರಿಯ ನಂತರ ಚಳಿಗಾಲದಲ್ಲಿ ಹತ್ತಾರು ಸಾವಿರ ಜನರನ್ನು ಅಷ್ಟೆತ್ತರದಲ್ಲಿ ಉಳಿಸಿಕೊಂಡರಲ್ಲ, ಅವರ ಕೋಟು, ಬೂಟು, ಬಿಸಿ ಮಾಡುವ ಸೀಮೆಎಣ್ಣೆ, ಮಲಗುವ ಗೂಡು, ಎಲ್ಲದರ ಬಿಲ್ಲೂ ವರ್ಷವರ್ಷ ಬರುತ್ತದೆ. ಯುದ್ಧದ ಖರ್ಚಿಗೆ ಒಂದು ಕೊನೆ ಇರುತ್ತದೆ. ಕಾವಲಿನ ಖರ್ಚಿಗೆ ಇರುವುದಿಲ್ಲ.

ಈಗ ನನ್ನ ಕಿಟಕಿಗೆ ಬರುತ್ತೇನೆ. 2025-26ರ ಬಜೆಟ್ಟಿನಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟದ್ದು 6,81,210 ಕೋಟಿ ರೂಪಾಯಿ. ಪತ್ರಿಕೆಯಲ್ಲಿ ಈ ಒಂದು ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ. ಸಂಸತ್ತಿಗೆ ಹೋಗುವಾಗ ಅದು ನಾಲ್ಕು ಬೇಡಿಕೆಗಳಾಗಿ ಹೋಗುತ್ತದೆ. ಸಂಬಳ, ರೇಷನ್ನು, ಇಂಧನ, ರಿಪೇರಿಯ ದಿನವಹಿ ವೆಚ್ಚಕ್ಕೆ 3,11,732 ಕೋಟಿ. ವಿಮಾನ, ಹಡಗು, ತೋಪು ಕೊಳ್ಳುವ ಬಂಡವಾಳಕ್ಕೆ 1,80,000 ಕೋಟಿ. ಪಿಂಚಣಿಗೆ 1,60,795 ಕೋಟಿ (ನನ್ನದೂ ಅದರಲ್ಲಿದೆ, ಹಾಗಾಗಿ ಅದನ್ನು ಟೀಕಿಸುವುದಿಲ್ಲ). ಉಳಿದದ್ದು 28,682 ಕೋಟಿ, ಅದರ ಹೆಸರು "ರಕ್ಷಣಾ ಸಚಿವಾಲಯ, ಸಿವಿಲ್". ರೂಪಾಯಿಯಲ್ಲಿ ನಾಲ್ಕು ಪೈಸೆ ಚಿಲ್ಲರೆ.

ಈ ನಾಲ್ಕು ಪೈಸೆಯ ಗಂಟನ್ನು ಬಿಚ್ಚಿ ನೋಡಿದರೆ ಸಿಗುವುದು ಕರಾವಳಿ ರಕ್ಷಣಾ ಪಡೆ, 9,676.70 ಕೋಟಿ. ಗಡಿ ರಸ್ತೆ ಸಂಸ್ಥೆಯ ಬಂಡವಾಳ, 7,146.50 ಕೋಟಿ. ಅಂದರೆ ಕೆಮ್ ಪ್ಲೂಟೊವನ್ನು ಮುಂಬೈಗೆ ಮುಟ್ಟಿಸಿದ ಹಡಗು, ಲಡಾಖಿಗೆ ಟ್ರಕ್ಕು ಹೋಗುವ ದಾರಿ, ಎರಡೂ ಲೆಕ್ಕದ ಪುಸ್ತಕದಲ್ಲಿ "ಸಿವಿಲ್". ಕುಮ್ಕಿ ಕಾಯುವವರು ಮನೆಯ ಜಗಲಿಯಲ್ಲಿ ಕೂತಿದ್ದಾರೆ, ಒಳಗಿನ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕಿಲ್ಲ. ಇದು ಯಾರೋ ಅವಮಾನ ಮಾಡಲಿಕ್ಕೆ ಮಾಡಿದ್ದಲ್ಲ, ಹಳೆಯ ವಿಂಗಡಣೆ, ಹಾಗೇ ಉಳಿದಿದೆ. ಆದರೆ ಜಗಲಿಯಲ್ಲಿ ಕೂತವನಿಗೆ ಪಾಯಸ ಯಾವಾಗಲೂ ಕೊನೆಯಲ್ಲೇ ಬರುವುದು.

ಗಡಿ ರಸ್ತೆಯ ವಿಷಯದಲ್ಲಿ ಇನ್ನೊಂದು ಮಾತು. ಈ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಆದರೆ ಬಹಳ ಕಾಲ ನಮ್ಮ ಧೋರಣೆ ತದ್ವಿರುದ್ಧವಾಗಿತ್ತು. 2013ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿಯವರು ಲೋಕಸಭೆಯಲ್ಲೇ ಹೇಳಿದ್ದರು, ಗಡಿಯನ್ನು ಅಭಿವೃದ್ಧಿ ಮಾಡದೆ ಬಿಡುವುದೇ ಒಳ್ಳೆಯ ರಕ್ಷಣೆ ಎಂಬ ನೀತಿ ಸ್ವತಂತ್ರ ಭಾರತದಲ್ಲಿ ಅನೇಕ ವರ್ಷ ಇತ್ತು ಅಂತ. ರಸ್ತೆ ಮಾಡಿದರೆ ಶತ್ರುವೇ ಅದರಲ್ಲಿ ಇಳಿದು ಬಂದಾನು ಎಂಬ ಭಯ. ಕಳ್ಳ ಬರುತ್ತಾನೆ ಅಂತ ಮನೆಗೆ ಮೆಟ್ಟಿಲೇ ಕಟ್ಟದ ಹಾಗೆ. 1962 ಕಂಡವರ ಭಯ ಅದು, ಹಗುರವಾಗಿ ನಗುವ ಹಾಗೂ ಇಲ್ಲ. ಈಗ ಆ ಯೋಚನೆ ಬದಲಾಗಿದೆ. 2020ರ ಅಟಲ್ ಸುರಂಗ, 2024ರ ಸೇಲಾ ಸುರಂಗ ಅದರ ಫಲ.

ಇದಿಷ್ಟು ರಕ್ಷಣಾ ಸಚಿವಾಲಯದ ಒಳಗೆ. ಹೊರಗೆ ಚೆಲ್ಲಿಕೊಂಡದ್ದೇ ಹೆಚ್ಚು ಸ್ವಾರಸ್ಯ.

ಇಲ್ಲಿಂದ ಕಾಪು ಕಡೆಗೆ ಹೋದರೆ ಪಾದೂರು. ನಿಮ್ಮಲ್ಲಿ ಕೆಲವರ ನೆಂಟರ ಜಾಗವೇ ಅದಕ್ಕೆ ಹೋಗಿರಬಹುದು. ನೆಲದಡಿಯ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ವ್ಯವಸ್ಥೆ ಅಲ್ಲಿದೆ. ಮಂಗಳೂರಿನ ಗುಹೆಗಳಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ. ಮೂರೂ ಸೇರಿದರೆ ಇಡೀ ದೇಶದ ಸುಮಾರು ಒಂಬತ್ತೂವರೆ ದಿನದ ಕಚ್ಚಾತೈಲ. ಲೆಕ್ಕ ಹಾಕಿ ನೋಡಿ, ಮುಕ್ಕಾಲು ಪಾಲು ನಮ್ಮ ಎರಡು ಜಿಲ್ಲೆಗಳ ಮಣ್ಣಿನಡಿಯಲ್ಲಿದೆ. ಕೆಂಪು ಸಮುದ್ರದಲ್ಲಿಯೋ ಹೊರ್ಮುಜ್ ಜಲಸಂಧಿಯಲ್ಲಿಯೋ ಯಾರಾದರೂ ದಾರಿ ಅಡ್ಡಗಟ್ಟಿದರೆ ಭಾರತ ತಕ್ಷಣ ಮಂಡಿಯೂರಬಾರದು ಅಂತ ಇಟ್ಟ ಗಂಟು ಇದು. ಮಳೆಗಾಲಕ್ಕೆ ಮೊದಲು ನಮ್ಮ ಅಜ್ಜಿಯರು ಉಪ್ಪಿನಕಾಯಿ ಭರಣಿ, ಒಣಮೀನು, ಹಪ್ಪಳ ಕಟ್ಟಿಡುತ್ತಿದ್ದರಲ್ಲ, ಅದೇ. ಇದು ಅಪ್ಪಟ ರಕ್ಷಣಾ ಕೆಲಸ. ದುಡ್ಡು ಮಾತ್ರ ಪೆಟ್ರೋಲಿಯಂ ಸಚಿವಾಲಯದ್ದು. 2020ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೊನಾದಿಂದ ತೈಲದ ಬೆಲೆ ಪಾತಾಳಕ್ಕೆ ಇಳಿದಾಗ ಬ್ಯಾರೆಲ್ಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ಈ ಗುಹೆಗಳನ್ನು ತುಂಬಿಸಿದರು, 5,000 ಕೋಟಿ ರೂಪಾಯಿಗೂ ಹೆಚ್ಚು ಉಳಿಯಿತು ಅಂತ ಸರ್ಕಾರ ಹೇಳಿತು. ನನ್ನ ಸರ್ವಿಸ್ಸಿನಲ್ಲಿ ಯಾವ ತೋಪೂ ದುಡ್ಡು ಉಳಿಸಿದ್ದನ್ನು ನಾನು ಕಂಡಿಲ್ಲ. ಪಾದೂರಿನ ಎರಡನೆಯ ಹಂತಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು, ಅದು ಖಾಸಗಿ ಸಹಭಾಗಿತ್ವದಲ್ಲಿ. ಆಪತ್ತಿನ ದಿನ ಆ ಎಣ್ಣೆಯ ಕೀಲಿಕೈ ಯಾರ ಸೊಂಟದಲ್ಲಿರುತ್ತದೆ ಎಂಬುದನ್ನು ಒಪ್ಪಂದದ ಸಣ್ಣಕ್ಷರದಲ್ಲಿ ಓದಬೇಕು, ಊರಿನವರೂ ಓದಬೇಕು. ಜಾಗ ಕೊಟ್ಟವರಿಗೆ ಅಷ್ಟು ಹಕ್ಕು ಇದೆ.

ಗೃಹ ಸಚಿವಾಲಯದ ಖಾತೆಯಲ್ಲಿ ವೈಬ್ರೆಂಟ್ ವಿಲೇಜಸ್ ಅಂತ ಒಂದು ಯೋಜನೆ ಇದೆ. 2023ರ ಫೆಬ್ರವರಿಯಲ್ಲಿ ಒಪ್ಪಿಗೆಯಾದದ್ದು, 4,800 ಕೋಟಿ, ಅದರಲ್ಲಿ 2,500 ಕೋಟಿ ರಸ್ತೆಗೇ. ಉತ್ತರದ ಗಡಿಯ ಹಳ್ಳಿಗಳಿಂದ ಜನ ಗುಳೆ ಹೋಗದಿರಲಿ ಅಂತ. ಆಚೆ ಬದಿಯಲ್ಲಿ ಚೀನಾ ಹೊಸ ಹಳ್ಳಿಗಳನ್ನೇ ಕಟ್ಟಿ ಜನರನ್ನು ತಂದು ಕೂರಿಸುತ್ತಿದೆ. ಒಲೆಯಲ್ಲಿ ಹೊಗೆ ಏಳುವ ಮನೆಯನ್ನು ನಕಾಶೆಯಿಂದ ಅಳಿಸುವುದು ಕಷ್ಟ.

ವಿದೇಶಾಂಗ ಸಚಿವಾಲಯದ ಖಾತೆಯಲ್ಲಿ ಮಾಲ್ದೀವ್ಸ್. ಭಾರತ ಅವರಿಗೆ ಎರಡು ಹೆಲಿಕಾಪ್ಟರು, ಒಂದು ಡೋರ್ನಿಯರ್ ವಿಮಾನ ಕೊಟ್ಟಿತ್ತು. ದ್ವೀಪದಿಂದ ರೋಗಿಗಳನ್ನು ಎತ್ತಿ ತರುವುದು, ಸಮುದ್ರದ ಮೇಲೆ ಕಣ್ಣಿಡುವುದು ಅದರ ಕೆಲಸ, ನಡೆಸುತ್ತಿದ್ದವರು ನಮ್ಮ ಸೈನಿಕರು. ಆ ಸೈನಿಕರು ಹೋಗಬೇಕು ಎಂದು ಹೇಳಿಯೇ ಮುಯಿಝು ಅಲ್ಲಿನ ಅಧ್ಯಕ್ಷ ಚುನಾವಣೆ ಗೆದ್ದರು. 2024ರ ಮೇ 10ರ ಒಳಗೆ ಸಮವಸ್ತ್ರದವರು ಹಿಂದೆ ಬಂದರು, ಅವರ ಜಾಗಕ್ಕೆ ಭಾರತದ್ದೇ ಸಿವಿಲ್ ತಂತ್ರಜ್ಞರು ಹೋದರು. ಹೆಲಿಕಾಪ್ಟರು ಅದೇ, ರೋಗಿಗಳು ಅವರೇ, ಬಟ್ಟೆ ಮಾತ್ರ ಬೇರೆ. ಯಕ್ಷಗಾನದ ಚೌಕಿಯಲ್ಲಿ ವೇಷ ಬದಲಿಸಿ ಅದೇ ಕಲಾವಿದ ಮತ್ತೆ ರಂಗಕ್ಕೆ ಬಂದ ಹಾಗೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಕೆಲವು ಕೆಲಸ ಸಮವಸ್ತ್ರ ಇಲ್ಲದಿದ್ದರೇ ಚೆನ್ನಾಗಿ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಮಲ್ಪೆಯವರಿಗೆ ಹತ್ತಿರದ ವಿಷಯ. ಡೀಸೆಲ್. ನಮ್ಮ ಯಾಂತ್ರಿಕ ಬೋಟುಗಳಿಗೆ ಕರರಹಿತ ಡೀಸೆಲ್ ಸಿಗುತ್ತದೆ, ಬೋಟಿಗೆ ಇಂತಿಷ್ಟು ಅಂತ ಕೋಟಾ. ಕೋಟಾ ಸಾಲದು, ಸಮಯಕ್ಕೆ ಬರುವುದಿಲ್ಲ ಎಂದು ಬೋಟು ನಿಲ್ಲುವ ದಕ್ಕೆಯಲ್ಲಿ ಪ್ರತಿ ವರ್ಷ ಕೇಳುತ್ತೇನೆ. ಚೀನಾದಲ್ಲೂ ಮೀನುಗಾರರಿಗೆ ಡೀಸೆಲ್ ಸಬ್ಸಿಡಿ ಇದೆ. ಆದರೆ ಅಲ್ಲಿ ಕೆಲವು ಬೋಟುಗಳಿಗೆ ಒಂದು ಶರತ್ತು. ವಿವಾದದ ಸ್ಪ್ರಾಟ್ಲಿ ದ್ವೀಪಗಳ ಕಡೆಗೆ ಹೋಗಿ, ವರ್ಷದ ಬಹುದಿನ ಅಲ್ಲೇ ಇದ್ದರೆ ವಿಶೇಷ ಸಬ್ಸಿಡಿ. ದೊಡ್ಡ ಎಂಜಿನಿಗೆ ಹೆಚ್ಚು. ಮೀನು ಹಿಡಿಯಲೇಬೇಕೆಂದಿಲ್ಲ. 2021ರ ಮಾರ್ಚ್‌ನಲ್ಲಿ ವ್ಹಿಟ್ಸನ್ ಎಂಬ ದಿಬ್ಬದ ಹತ್ತಿರ ಇಂಥ ಸುಮಾರು 220 ಬೋಟುಗಳು ಸಾಲಾಗಿ ಲಂಗರು ಹಾಕಿ ನಿಂತಿದ್ದನ್ನು ಫಿಲಿಪ್ಪೀನ್ಸ್ ಫೋಟೊ ಸಮೇತ ತೋರಿಸಿತು. ಗಾಳಿಗೆ ಆಸರೆ ಪಡೆಯುತ್ತಿದ್ದಾರೆ ಅಂತ ಚೀನಾ ಅಂದಿತು. ಬಲೆ ಬೀಸದೆ, ವಾರಗಟ್ಟಲೆ, ಇನ್ನೂರು ಬೋಟು! ಮಲ್ಪೆಯ ಯಾವ ತಾಂಡೇಲನಿಗೆ (ಬೋಟು ನಡೆಸುವವನಿಗೆ) ಬೇಕಾದರೂ ಕೇಳಿ, ಮೀನಿಲ್ಲದ ಕಡೆ ಒಂದು ದಿನ ನಿಂತರೆ ಕೈಯಿಂದ ಎಷ್ಟು ಹೋಗುತ್ತದೆ ಅಂತ. ಹಾಗೆ ನಿಂತಿದ್ದಾರೆ ಅಂದರೆ ಆ ದಿನದ ಕೂಲಿ ಬೇರೆ ಯಾರೋ ಕೊಡುತ್ತಿದ್ದಾರೆ ಅಂತಲೇ ಅರ್ಥ.

ಈ ವಿಧಾನದ ಜಾಣತನ ನೋಡಿ. ಖರ್ಚು ಬರೆಯುವುದು ಮೀನುಗಾರಿಕೆಯ ಲೆಕ್ಕದಲ್ಲಿ. ಎದುರಿನವನು ಯುದ್ಧನೌಕೆ ತಂದರೆ, ಬಡ ಮೀನುಗಾರರ ಮೇಲೆ ದಬ್ಬಾಳಿಕೆ ಅಂತ ಕೂಗಬಹುದು. ತರದಿದ್ದರೆ ಜಾಗ ಹೋಯಿತು. ನಮ್ಮಲ್ಲೂ ಹೀಗೆ ಮಾಡಿ ಅಂತ ಟಿವಿಯಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಮೀನುಗಾರನನ್ನು ಸರ್ಕಾರದ ಗುರಾಣಿ ಮಾಡಿದ ದಿನ ಎದುರಿನ ದೇಶ ಪ್ರತಿ ಮೀನುಗಾರನನ್ನೂ ಸೈನಿಕ ಎಂದೇ ನೋಡುತ್ತದೆ. ದಾರಿ ತಪ್ಪಿ ಗಡಿ ದಾಟಿದ ಗುಜರಾತಿನ ಮೀನುಗಾರರು ಈಗಾಗಲೇ ಪಾಕಿಸ್ತಾನದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಾರೆ. ಅವರ ಮೇಲೆ ಗೂಢಚಾರರೆಂಬ ಮುದ್ರೆಯೂ ಬೀಳುವುದು ಬೇಡ.

ಅಮೆರಿಕದವರು ಇದಕ್ಕೆ ಏನು ಮಾಡಿದ್ದಾರೆ? ಅವರಲ್ಲಿ ಒಂದು ಒಳ್ಳೆಯ ಅಭ್ಯಾಸ, ಒಂದು ಕೆಟ್ಟ ಅಭ್ಯಾಸ ಎರಡೂ ಇವೆ. ಒಳ್ಳೆಯದು, ಕಾಯಿದೆಯಲ್ಲಿ ಬರೆದು ದುಡ್ಡು ಕೊಡುವುದು. 2018ರ ಆರ್ಥಿಕ ವರ್ಷದ ರಕ್ಷಣಾ ಕಾಯಿದೆಯಲ್ಲಿ ಸೆಕ್ಷನ್ 1202 ಅಂತ ಸೇರಿಸಿದರು. ಘೋಷಿತ ಯುದ್ಧ ಇಲ್ಲದ ಕಡೆಯಲ್ಲೂ ವಿಶೇಷ ಪಡೆಗಳು ಬೇರೆ ದೇಶದ ಪಡೆಗಳಿಗೆ, ಗುಂಪುಗಳಿಗೆ ನೆರವು ಕೊಡಬಹುದು, ಆದರೆ ಆರಂಭದಲ್ಲಿ ವರ್ಷಕ್ಕೆ ಒಂದು ಕೋಟಿ ಡಾಲರ್ ಮಿತಿ, ಸಂಸತ್ತಿಗೆ ವರದಿ ಕಡ್ಡಾಯ. ಅವರ ಒಟ್ಟು ರಕ್ಷಣಾ ಖರ್ಚಿನಲ್ಲಿ ಇದು ಸಾಸಿವೆ ಕಾಳು. ಇದರ ಗುಟ್ಟಿನ ಬಗ್ಗೆ ಅಲ್ಲಿಯೂ ತಕರಾರಿದೆ, ಇರಬೇಕಾದದ್ದೇ. ಕೆಟ್ಟ ಅಭ್ಯಾಸ ಯಾವುದೆಂದರೆ ಚೀಟಿ ಅಂಟಿಸುವುದು. 2021ರಿಂದ ಅವರು ಪೆಸಿಫಿಕ್ ಕಡೆಯಲ್ಲಿ ಚೀನಾವನ್ನು ತಡೆಯಲಿಕ್ಕೆ ಪೆಸಿಫಿಕ್ ಡಿಟರೆನ್ಸ್ ಇನಿಶಿಯೇಟಿವ್ ಅಂತ ಶುರು ಮಾಡಿದರು, ಶತಕೋಟಿ ಡಾಲರುಗಳ ಲೆಕ್ಕ. ಆದರೆ ಅದು ಬೇರೆಯೇ ತಿಜೋರಿ ಅಲ್ಲ. ಬೇರೆ ಬೇರೆ ಖಾತೆಗಳಲ್ಲಿ ಇದ್ದದ್ದನ್ನೇ ಒಟ್ಟು ಮಾಡಿ ತೋರಿಸುವ ಒಂದು ಪಟ್ಟಿ. ಯಾವುದನ್ನು ಪಟ್ಟಿಗೆ ಸೇರಿಸಬೇಕು ಅಂತ ಜಗಳ. ಹೇಗೂ ಕೊಳ್ಳಬೇಕಿದ್ದ ಸಾಮಾನಿಗೆ ಹೊಸ ಚೀಟಿ ಅಂಟಿಸಿದರೆ ಪಟ್ಟಿ ದಪ್ಪ ಆಗುತ್ತದೆ, ಕಾವಲು ಗಟ್ಟಿ ಆಗುವುದಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ, ನನ್ನ ಮರ್ಯಾದೆಗೆ ಸ್ವಲ್ಪ ಕುಂದು ಬಂದರೂ ಪರವಾಗಿಲ್ಲ. ಉತ್ತರದ ಒಂದು ಗಡಿ ಪ್ರದೇಶದ ಬಿಲ್ಲುಗಳು ನನ್ನ ಮೇಜಿಗೆ ಬರುತ್ತಿದ್ದ ಕಾಲ. ಒಂದು ತುಕಡಿಯವರು ಹಳ್ಳಿಯಲ್ಲಿ ವೈದ್ಯಕೀಯ ಶಿಬಿರ ಮಾಡಿ ಅದರ ಬಿಲ್ಲು ಕಳಿಸಿದ್ದರು. ಅದರಲ್ಲಿ ಮೇಕೆಗಳ ಜಂತುಹುಳದ ಔಷಧಿ ಇತ್ತು. ನಾನು ಆಗ ಹೊಸ ಬಿಸಿರಕ್ತದ ಆಡಿಟರು. ಕೆಂಪು ಶಾಯಿಯಲ್ಲಿ ಬರೆದೆ, "ಸದರಿ ಮೇಕೆಗಳು ಯಾವ ರೆಜಿಮೆಂಟಿಗೆ ಸೇರಿದವು?" ಆಫೀಸಿನಲ್ಲಿ ಎಲ್ಲರೂ ನಕ್ಕರು, ನಾನೂ ನನ್ನ ಜಾಣತನಕ್ಕೆ ಹಿಗ್ಗಿದೆ. ಬಿಲ್ಲು ವಾಪಸ್ಸು. ಎರಡು ತಿಂಗಳ ಮೇಲೆ ಒಬ್ಬ ಮೇಜರ್ ಯಾವುದೋ ಕೆಲಸಕ್ಕೆ ಬಂದವರು ನನ್ನ ಮೇಜಿನ ಮುಂದೆ ಕೂತು, ಕೋಪ ಮಾಡದೆ, ಒಂದೇ ಮಾತು ಕೇಳಿದರು. ಕಾರ್ಗಿಲ್‌ನಲ್ಲಿ ನುಸುಳಿದವರನ್ನು ಮೊದಲು ಕಂಡದ್ದು ಯಾರು?

ಉಪಗ್ರಹ ಅಲ್ಲ, ಗಸ್ತಿನವರೂ ಅಲ್ಲ. 1999ರ ಮೇ ಮೊದಲ ವಾರದಲ್ಲಿ ತಾಶಿ ನಾಮ್‌ಗ್ಯಾಲ್ ಎಂಬ ಕುರಿಗಾಹಿ, ಕಳೆದುಹೋದ ತನ್ನ ಯಾಕ್ ಹುಡುಕುತ್ತ ಹೋದವರು ದುರ್ಬೀನಿನಲ್ಲಿ ಅವರನ್ನು ಕಂಡು ಬಂದು ಸೇನೆಗೆ ತಿಳಿಸಿದರು. ಆ ಮನುಷ್ಯನಿಗೆ ಸೇನೆಯ ಮೇಲೆ ವಿಶ್ವಾಸ ಇಲ್ಲದೇ ಇದ್ದಿದ್ದರೆ ಯಾಕ್ ಸಿಕ್ಕಿತು ಅಂತ ಮನೆಗೆ ಹೋಗುತ್ತಿದ್ದರು. ಕಾಶ್ಮೀರದಲ್ಲಿ 1998ರಿಂದ ಸೇನೆ ಸದ್ಭಾವನಾ ಎಂಬ ಹೆಸರಿನಲ್ಲಿ ಶಾಲೆ, ಆಸ್ಪತ್ರೆ, ನೀರಿನ ಕೆಲಸ ಮಾಡಿಸುತ್ತ ಬಂದಿದೆ, ಆ ಖರ್ಚಿಗೆ ಅಲ್ಲಿ ಶೀರ್ಷಿಕೆ ಇದೆ. ಈ ತುಕಡಿಗೆ ಆ ಅನುಕೂಲ ಇರಲಿಲ್ಲ, ಬೇರೆ ಶೀರ್ಷಿಕೆಯಲ್ಲಿ ತೂರಿಸಿದ್ದರು. ನಿಯಮದ ಪ್ರಕಾರ ನನ್ನ ಆಕ್ಷೇಪ ನೂರಕ್ಕೆ ನೂರು ಸರಿ. ಆ ಮೇಕೆಗಳಿಗೆ ಆ ಮಳೆಗಾಲ ಔಷಧಿ ಸಿಗಲಿಲ್ಲ ಎಂಬುದೂ ಸರಿ.

ಮಾರ್ಚ್ ತಿಂಗಳ ವಿಷಯ ಹೇಳದಿದ್ದರೆ ನನ್ನ ಇಲಾಖೆಯವರು ಬೈಯುತ್ತಾರೆ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಆಮೆ, ಮಾರ್ಚ್‌ನಲ್ಲಿ ಮೊಲ. 31ರ ರಾತ್ರಿಗೆ ಖರ್ಚಾಗದ ದುಡ್ಡು ಖಜಾನೆಗೆ ವಾಪಸ್ಸು. ಯುದ್ಧವಲ್ಲದ ಪೈಪೋಟಿಗೆ ಇದರಷ್ಟು ಹೊಂದದ ಪದ್ಧತಿ ಇನ್ನೊಂದಿಲ್ಲ. ದ್ವೀಪಕ್ಕೆ ಮರಳು ಸುರಿಯುವವನು ಇಪ್ಪತ್ತು ವರ್ಷದ ಲೆಕ್ಕ ಇಟ್ಟುಕೊಂಡಿರುತ್ತಾನೆ, ನಮ್ಮದು ಹನ್ನೆರಡು ತಿಂಗಳಿನದು. ಹದಿನೈದನೇ ಹಣಕಾಸು ಆಯೋಗ ಲ್ಯಾಪ್ಸ್ ಆಗದ ಒಂದು ನಿಧಿ ಬೇಕು ಎಂದು ಶಿಫಾರಸು ಮಾಡಿತ್ತು, 2021ರಿಂದ 26ರ ಅವಧಿಗೆ 2,38,354 ಕೋಟಿ. ತಾತ್ವಿಕವಾಗಿ ಒಪ್ಪಿದ್ದೇವೆ ಅಂತ ಸರ್ಕಾರ ಹೇಳಿತು. ಸರ್ಕಾರಿ ಭಾಷೆಯಲ್ಲಿ "ತಾತ್ವಿಕ ಒಪ್ಪಿಗೆ" ಅಂದರೆ ಏನು ಅಂತ ಹೆಣ್ಣು ನೋಡಿ ಬಂದವರ ಕಡೆಯಿಂದ "ಯೋಚಿಸಿ ಹೇಳುತ್ತೇವೆ" ಕೇಳಿಸಿಕೊಂಡವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ತೊಂದರೆ, ಕೊಂಡದ್ದನ್ನು ನಡೆಸುವುದಕ್ಕೆ ದುಡ್ಡಿಲ್ಲದಿರುವುದು. ಕರಾವಳಿ ಭದ್ರತಾ ಯೋಜನೆಯ ಮೊದಲ ಹಂತ ಶುರುವಾದದ್ದು 2005ರಲ್ಲಿ. ಕೇಂದ್ರ 73 ಕರಾವಳಿ ಪೊಲೀಸ್ ಠಾಣೆ, 204 ಬೋಟುಗಳಿಗೆ ದುಡ್ಡು ಕೊಟ್ಟಿತು, ಜನ ಮತ್ತು ದಿನದ ಖರ್ಚು ಬಹುಪಾಲು ರಾಜ್ಯಗಳ ತಲೆಗೆ. 2008ರಲ್ಲಿ ಕುಬೇರ್ ಎಂಬ ಗುಜರಾತಿನ ಮೀನುಗಾರಿಕಾ ಬೋಟನ್ನೇ ಅಪಹರಿಸಿ ಹತ್ತು ಜನ ಮುಂಬೈಗೆ ಬಂದರು. ಆಮೇಲೆ ಎರಡನೇ ಹಂತ, ಇನ್ನಷ್ಟು ಬೋಟು, ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಹಲವು ರಾಜ್ಯಗಳ ಬಗ್ಗೆ ಒಂದೇ ಪಲ್ಲವಿ ಹಾಡಿವೆ. ಬೋಟು ಇದೆ, ಡೀಸೆಲ್ ಇಲ್ಲ. ಡೀಸೆಲ್ ಇದೆ, ಚಾಲಕ ಇಲ್ಲ. ಉದ್ಘಾಟನೆಗೆ ರಿಬ್ಬನ್ ಇರುತ್ತದೆ, ಎಂಜಿನ್ ಆಯಿಲ್ ಬದಲಿಸುವುದಕ್ಕೆ ರಿಬ್ಬನ್ ಇಲ್ಲ.

ಹಾಗಾದರೆ ನಾನು ಏನು ಮಾಡಬೇಕು ಅನ್ನುತ್ತೇನೆ? ಎಲ್ಲವನ್ನೂ ತಂದು ರಕ್ಷಣಾ ಸಚಿವಾಲಯಕ್ಕೆ ಸುರಿಯಿರಿ ಅನ್ನುವುದಿಲ್ಲ. ಹಾಗೆ ಮಾಡಿದರೆ ಪಾದೂರಿನ ಎಣ್ಣೆಗೂ ಮಲ್ಪೆಯ ಬೋಟಿಗೂ ಗುಟ್ಟಿನ ಮುದ್ರೆ ಬೀಳುತ್ತದೆ, ಮಾಹಿತಿ ಹಕ್ಕಿನಲ್ಲಿ ಕೇಳಿದರೆ ರಾಷ್ಟ್ರೀಯ ಭದ್ರತೆ ಅಂತ ಬಾಗಿಲು ಹಾಕುತ್ತಾರೆ. ಕೆಲಸ ಅವರವರ ಮನೆಯಲ್ಲೇ ಇರಲಿ, ಆದರೆ ಲೆಕ್ಕ ಒಂದು ಹಾಳೆಯಲ್ಲಿ ಕಾಣಲಿ. 2005-06ರಿಂದ ಕೇಂದ್ರ ಬಜೆಟ್ಟಿನ ಜತೆ ಮಹಿಳೆಯರಿಗಾಗಿ ಯಾವ ಸಚಿವಾಲಯ ಎಷ್ಟು ಇಟ್ಟಿದೆ ಎಂಬ ಪ್ರತ್ಯೇಕ ತಖ್ತೆ ಬರುತ್ತಿದೆ. ಹಾಗೆಯೇ ಇದಕ್ಕೂ ಒಂದು ತಖ್ತೆ. ಪೆಟ್ರೋಲಿಯಂ ಇಷ್ಟು, ಗೃಹ ಇಷ್ಟು, ವಿದೇಶಾಂಗ ಇಷ್ಟು, ಕರಾವಳಿ ಪಡೆ ಇಷ್ಟು. ಚೀಟಿ ಅಂಟಿಸುವ ಚಾಳಿ ನಮಗೂ ಬರುತ್ತದೆ, ಗೊತ್ತಿದೆ. ಆದರೂ ಸುಳ್ಳು ಚೀಟಿಯನ್ನು ಕೀಳಬೇಕಾದರೆ ಮೊದಲು ಹಾಳೆ ಇರಬೇಕಲ್ಲ. ಈಗ ಹೆಚ್ಚಿನ ಸಚಿವಾಲಯಗಳ ಬೇಡಿಕೆಗಳು ಸಂಸತ್ತಿನಲ್ಲಿ ಚರ್ಚೆಯೇ ಇಲ್ಲದೆ ಗಿಲೊಟಿನ್‌ಗೆ ಬಿದ್ದು, ಅಂದರೆ ಕೊನೆಯ ದಿನ ಎಲ್ಲ ಒಟ್ಟಿಗೆ ಮತಕ್ಕೆ ಬಿದ್ದು, ಪಾಸಾಗುತ್ತವೆ. ಚದುರಿದ ದುಡ್ಡಿಗೆ ಪ್ರಶ್ನೆ ಕೇಳುವವರೇ ಇಲ್ಲ.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಆಳಸಮುದ್ರ ಬೋಟಿನ ಮಾಲೀಕರು, ವಯಸ್ಸು ನನ್ನಷ್ಟೇ. ತುಳುವಿನಲ್ಲೇ ಕೇಳಿದರು.

"ಅಣ್ಣ, ಗುರುತಿಲ್ಲದ ಬೋಟು ಕಂಡರೆ ತಿಳಿಸಿ ಅಂತ ನಮಗೆ ಪ್ರತಿ ವರ್ಷ ಮೀಟಿಂಗ್ ಮಾಡಿ ಹೇಳುತ್ತಾರೆ. ಒಮ್ಮೆ ನಮ್ಮ ತಾಂಡೇಲ ತಿಳಿಸಿದ. ಬಂದು ಹೇಳಿಕೆ ಕೊಡಿ ಅಂತ ವಾಪಸ್ಸು ಕರೆಸಿದರು. ಬೆಳಗ್ಗಿನಿಂದ ಸಂಜೆವರೆಗೆ ಕೂರಿಸಿದರು, ಮರುದಿನವೂ ಬನ್ನಿ ಅಂದರು. ಐಸ್ ಕರಗಿತು, ಇದ್ದ ಬಂಗುಡೆ ಮೀನಿನ ಎಣ್ಣೆಯ ಮಿಲ್ಲಿಗೆ ಹೋಯಿತು. ಟ್ರಿಪ್ಪೇ ಹೋಯಿತು. ಆ ಬೋಟು ಕಡೆಗೆ ನಮ್ಮವರದ್ದೇ ಅಂತ ಆಯಿತು, ಅದು ಬೇರೆ. ಆ ದಿನದ ನಮ್ಮ ಡೀಸೆಲ್, ಐಸ್, ಹುಡುಗರ ಭತ್ಯೆ, ನೀವು ಹೇಳಿದ ಆ ಹಾಳೆಯಲ್ಲಿ ಅದು ಎಲ್ಲಿ ಬರುತ್ತದೆ?"

ನಾನು ಮೂವತ್ತು ವರ್ಷದ ಅಭ್ಯಾಸದಿಂದ ಮನಸ್ಸಿನಲ್ಲೇ ಶೀರ್ಷಿಕೆ ಹುಡುಕಿದೆ. ಬಹುಮಾನ ಎನ್ನಲಿಕ್ಕೆ ಕಳ್ಳ ಸಿಕ್ಕಿರಲಿಲ್ಲ. ಪರಿಹಾರ ಎನ್ನಲಿಕ್ಕೆ ಅಪಘಾತ ಆಗಿರಲಿಲ್ಲ. ಇತರೆ ವೆಚ್ಚ ಎಂದು ಬರೆದರೆ ನನ್ನಂಥವನೇ ಒಬ್ಬ ಕೆಂಪು ಶಾಯಿಯಲ್ಲಿ ಆ ಬಂಗುಡೆ ಯಾವ ರೆಜಿಮೆಂಟಿನದ್ದು ಅಂತ ಕೇಳುತ್ತಾನೆ.

"ಈಗ ಎಲ್ಲಿಯೂ ಬರುವುದಿಲ್ಲ," ಅಂದೆ.

"ಹಾಗೇ ಅಂದುಕೊಂಡಿದ್ದೆ," ಎಂದು ಅವರು ಕೂತರು. ಜೂನ್ ಒಂದರಿಂದ ಹೇಗೂ ಎರಡು ತಿಂಗಳು ಮೀನುಗಾರಿಕೆ ರಜೆ, ಆಗ ಬಂದು ಬರೆಸಿಕೊಳ್ಳಿ, ಎಲ್ಲ ಲೆಕ್ಕ ಕೊಡುತ್ತೇನೆ ಎಂದು ಹೊರಡುವಾಗ ಫೋನ್ ನಂಬರ್ ಕೊಟ್ಟು ಹೋದರು.